ದತ್ತಸಂಚಯ ತಂತ್ರಾಂಶಗಳನ್ನು ಇತರ ಗಣಕ ಭಾಷೆಗಳ ತಂತ್ರಾಂಶಗಳೊಡನೆ ಜೋಡಿಸುವ ಕುರಿತು ಮಾಹಿತಿ

ಪೀಠಿಕೆ

ಸರ್ಕಾರಿ ಕಚೇರಿಗಳಲ್ಲಿ ವೇತನ, ನಿವೃತ್ತಿ ವೇತನ, ಭೂದಾಖಲೆ, ತೆರಿಗೆ, ಪಡಿತರ ಚೀಟಿ ಮುಂತಾದ ವಿಷಯಗಳ ವಿವರಗಳನ್ನು ದತ್ತಸಂಚಯಗಳಲ್ಲಿ, ಅಂದರೆ ಬಳಕೆಯ ಮಾತಿನಲ್ಲಿ ಡೇಟಾಬೇಸ್‌ಗಳಲ್ಲಿ, ಕಾಪಾಡಲಾಗುತ್ತದೆ. ಇವುಗಳನ್ನು ಬಳಸುವ ತಂತ್ರಾಂಶಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಭಾಷೆಗಳಲ್ಲಿ ರಚಿತವಾದವು. 1990ರ ದಶಕದಲ್ಲಿ ಫಾಕ್ಸ್‌ಪ್ರೋದಲ್ಲಿ ಸಿದ್ಧವಾದ ವೇತನ ಪಟ್ಟಿ, ಅನಂತರ ವಿಶುವಲ್ ಬೇಸಿಕ್‌ನಲ್ಲಿ ಬರೆಸಿದ ರಜೆ ಲೆಕ್ಕ, ಈಚೆಗೆ ಜಾವಾ ಅಥವಾ ಪೈಥಾನ್‌ನಲ್ಲಿ ರಚಿಸಿದ ಅಂತರ್ಜಾಲ ಸೇವೆ, ಈ ಮೂರೂ ಒಬ್ಬನೇ ನೌಕರನ ವಿವರವನ್ನು ಓದಬೇಕಾದ ಸಂದರ್ಭ ಒದಗುತ್ತದೆ. ಒಂದು ಓದಿದ್ದನ್ನು ಇನ್ನೊಂದು ಬೇರೆ ಅರ್ಥದಲ್ಲಿ ಓದಿದರೆ ಅದರ ಪರಿಣಾಮ ಗಣಕಯಂತ್ರದ ಮೇಲಲ್ಲ, ಆ ನೌಕರನ ಅಥವಾ ಅರ್ಜಿದಾರನ ಮೇಲೆ ಆಗುತ್ತದೆ.

ಈ ಲೇಖನವು ತಂತ್ರಾಂಶ ಬರೆಯುವವರಿಗಿಂತ ಹೆಚ್ಚಾಗಿ ತಂತ್ರಾಂಶ ಬರೆಸುವ, ಪರಿಶೀಲಿಸುವ ಮತ್ತು ಸ್ವೀಕೃತಿ ಪತ್ರಕ್ಕೆ ಸಹಿ ಮಾಡುವ ಶಾಖಾಧಿಕಾರಿಗಳನ್ನು ಗಮನದಲ್ಲಿ ಇರಿಸಿಕೊಂಡಿದೆ. ಗಣಕ ವಿಜ್ಞಾನ ಓದದವರೂ ಇದನ್ನು ಅನುಸರಿಸಬಹುದು.

ಹಿನ್ನೆಲೆ

ದತ್ತಾಂಶವನ್ನು ಕೋಷ್ಟಕಗಳ ರೂಪದಲ್ಲಿ ಇರಿಸಿ, ಅವುಗಳ ನಡುವಣ ಸಂಬಂಧವನ್ನು ಗಣಿತದ ನಿಯಮಗಳ ಮೂಲಕ ನಿರ್ವಹಿಸಬಹುದೆಂಬ ಸಿದ್ಧಾಂತವನ್ನು ಐಬಿಎಂ ಸಂಸ್ಥೆಯಲ್ಲಿದ್ದ ಇ. ಎಫ್. ಕಾಡ್ ಅವರು 1970ರಲ್ಲಿ ಪ್ರಕಟಿಸಿದರು. ಇದರ ಆಧಾರದ ಮೇಲೆ ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಅವರು 1974ರಲ್ಲಿ ರೂಪಿಸಿದ ಪ್ರಶ್ನಾ ಭಾಷೆಯೇ ಮುಂದೆ ಎಸ್‌ಕ್ಯೂಎಲ್ ಎಂದು ಹೆಸರಾಯಿತು. 1986ರಲ್ಲಿ ಅಮೆರಿಕದ ಮಾನಕ ಸಂಸ್ಥೆಯೂ 1987ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯೂ ಇದನ್ನು ಮಾನಕವಾಗಿ ಅಂಗೀಕರಿಸಿದವು.

ಎಸ್‌ಕ್ಯೂಎಲ್ ದತ್ತಸಂಚಯದೊಡನೆ ಮಾತನಾಡುವ ಭಾಷೆಯೇ ಹೊರತು ಸಂಪೂರ್ಣ ತಂತ್ರಾಂಶ ರಚಿಸುವ ಭಾಷೆಯಲ್ಲ. ಪರದೆಯ ಮೇಲೆ ನಮೂನೆ ತೋರಿಸುವುದು, ಬಿಲ್ಲು ಮುದ್ರಿಸುವುದು ಮುಂತಾದ ಕೆಲಸಗಳಿಗೆ ಇನ್ನೊಂದು ಭಾಷೆ ಬೇಕೇ ಬೇಕು. ಆದುದರಿಂದ ಜೋಡಣೆಯ ಪ್ರಶ್ನೆ ದತ್ತಸಂಚಯದ ಜೊತೆಗೇ ಹುಟ್ಟಿತು ಎನ್ನಬಹುದು.

ಮೊದಲ ಉಪಾಯವೆಂದರೆ ಕೋಬಾಲ್ ಅಥವಾ ಸಿ ಭಾಷೆಯ ಕ್ರಮವಿಧಿಯ ನಡುವೆ ಎಸ್‌ಕ್ಯೂಎಲ್ ವಾಕ್ಯಗಳನ್ನೇ ಹುದುಗಿಸುವುದು. ಪೂರ್ವಸಂಕಲಕ ಎಂಬ ಸಾಧನವು ಮೊದಲು ಆ ವಾಕ್ಯಗಳನ್ನು ಗುರುತಿಸಿ ಮಾತೃಭಾಷೆಯ ಆದೇಶಗಳಾಗಿ ಬದಲಿಸುತ್ತದೆ. ಅನಂತರ ಎಂದಿನಂತೆ ಸಂಕಲನ ನಡೆಯುತ್ತದೆ. ಈ ಪದ್ಧತಿ ಬ್ಯಾಂಕು ಹಾಗೂ ವಿಮಾ ಸಂಸ್ಥೆಗಳ ದೊಡ್ಡ ಗಣಕಯಂತ್ರಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಇದರ ತೊಡಕೆಂದರೆ ಒಂದು ಕಂಪನಿಯ ದತ್ತಸಂಚಯಕ್ಕೆ ಸಂಕಲಿಸಿದ ಕ್ರಮವಿಧಿ ಇನ್ನೊಂದು ಕಂಪನಿಯ ದತ್ತಸಂಚಯಕ್ಕೆ ಹಾಗೆಯೇ ಒದಗುವುದಿಲ್ಲ.

ಮಧ್ಯವರ್ತಿ ತಂತ್ರಾಂಶಗಳು

ಮೇಲ್ಕಂಡ ತೊಡಕನ್ನು ನಿವಾರಿಸಲು 1992ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಓಡಿಬಿಸಿ ಎಂಬ ವ್ಯವಸ್ಥೆಯನ್ನು ಬಳಕೆಗೆ ತಂದಿತು. ತಂತ್ರಾಂಶವು ಯಾವ ಭಾಷೆಯಲ್ಲಿಯೇ ಇರಲಿ, ಅದು ಓಡಿಬಿಸಿಯ ನಿಗದಿತ ಕರೆಗಳನ್ನು ಮಾತ್ರ ಬಳಸುತ್ತದೆ. ಆ ಕರೆಗಳನ್ನು ಆಯಾ ದತ್ತಸಂಚಯಕ್ಕೆ ತಿಳಿಯುವಂತೆ ಮಾಡುವ ಹೊಣೆ ಡ್ರೈವರ್ ಎಂಬ ಚಿಕ್ಕ ತಂತ್ರಾಂಶದ್ದು. ದತ್ತಸಂಚಯ ಬದಲಾದರೆ ಡ್ರೈವರ್ ಬದಲಿಸಿದರೆ ಸಾಕು ಎಂಬುದು ಮೂಲ ಆಶಯ. 1997ರಲ್ಲಿ ಜಾವಾ ಭಾಷೆಗೆ ಇದೇ ಮಾದರಿಯ ಜೆಡಿಬಿಸಿ ಬಂದಿತು. ಪೈಥಾನ್, ಪಿಎಚ್‌ಪಿ ಮೊದಲಾದ ಭಾಷೆಗಳಲ್ಲಿಯೂ ತತ್ಸಮಾನ ಏರ್ಪಾಡುಗಳಿವೆ.

ಇಲ್ಲಿ ಕಚೇರಿಗಳನ್ನು ಹೆಚ್ಚಾಗಿ ಕಾಡುವುದು ಒಂದು ಸಣ್ಣ ಸಂಗತಿ. 32 ಬಿಟ್ ತಂತ್ರಾಂಶಕ್ಕೆ 32 ಬಿಟ್ ಡ್ರೈವರ್ ಬೇಕು, 64 ಬಿಟ್ ತಂತ್ರಾಂಶಕ್ಕೆ 64 ಬಿಟ್ ಡ್ರೈವರ್ ಬೇಕು. 64 ಬಿಟ್ ವಿಂಡೋಸ್‌ನಲ್ಲಿ ಓಡಿಬಿಸಿ ವ್ಯವಸ್ಥಾಪಕ ಎಂಬ ಸಾಧನ ಎರಡು ಇರುತ್ತವೆ. ಅವುಗಳಲ್ಲಿ 64 ಬಿಟ್‌ನದು ಸಿಸ್ಟಮ್32 ಎಂಬ ಕಡತಕೋಶದಲ್ಲಿಯೂ 32 ಬಿಟ್‌ನದು ಹೆಸರಿನಲ್ಲಿ 64 ಎಂದಿರುವ ಕೋಶದಲ್ಲಿಯೂ ಇದೆ. ಹೆಸರು ನೋಡಿ ತೆರೆದವರಿಗೆ ತಾವು ನಮೂದಿಸಿದ ಸಂಪರ್ಕ ತಂತ್ರಾಂಶಕ್ಕೆ ಏಕೆ ಕಾಣುತ್ತಿಲ್ಲವೆಂಬುದು ತಿಳಿಯುವುದೇ ಇಲ್ಲ. ಹಳೆಯ ಗಣಕಯಂತ್ರ ಬದಲಾಯಿಸಿದ ಮರುದಿನ ವೇತನ ತಂತ್ರಾಂಶ ನಿಂತುಹೋಯಿತೆಂಬ ದೂರು ಬಂದಾಗ ಮೊದಲು ಪರಿಶೀಲಿಸಬೇಕಾದುದು ಇದನ್ನು.

ಹಳೆಯ ಡಿಬಿಎಫ್ ಕಡತಗಳು

ಡಿಬೇಸ್, ಕ್ಲಿಪ್ಪರ್, ಫಾಕ್ಸ್‌ಪ್ರೋ ಇವು ಡಿಬಿಎಫ್ ಎಂಬ ಒಂದೇ ಮಾದರಿಯ ಕಡತಗಳನ್ನು ಬಳಸುತ್ತವೆ. ಮೈಕ್ರೋಸಾಫ್ಟ್ ಸಂಸ್ಥೆ 1992ರಲ್ಲಿ ಫಾಕ್ಸ್‌ಪ್ರೋವನ್ನು ವಶಕ್ಕೆ ಪಡೆದು, 2004ರಲ್ಲಿ ಕೊನೆಯ ಆವೃತ್ತಿಯಾದ ವಿಶುವಲ್ ಫಾಕ್ಸ್‌ಪ್ರೋ 9 ಅನ್ನು ಹೊರತಂದಿತು. ಅದರ ವಿಸ್ತೃತ ಬೆಂಬಲವೂ 2015ರಲ್ಲಿ ಮುಗಿದಿದೆ. ಆದರೆ ಕಡತಗಳು ಉಳಿದಿವೆ, ಅವುಗಳಲ್ಲಿ ಸೇವಾ ವಿವರಗಳಿವೆ. ಹಾಗಾಗಿ ಇವನ್ನು ಬೇರೆ ಭಾಷೆಯಿಂದ ಓದುವ ಅಗತ್ಯ ಇನ್ನೂ ಹಲವು ವರ್ಷ ಇರುವುದು ನಿಶ್ಚಿತ.

ಡಿಬಿಎಫ್ ಕಡತದ ರಚನೆ ಸರಳ. ಆರಂಭದಲ್ಲಿ 32 ಬೈಟ್‌ಗಳ ಶಿರೋಭಾಗ, ಅನಂತರ ಪ್ರತಿ ಅಂಕಣಕ್ಕೆ 32 ಬೈಟ್‌ಗಳ ವಿವರಣೆ, ಬಳಿಕ ನಿಗದಿತ ಉದ್ದದ ದಾಖಲೆಗಳು ಸಾಲಾಗಿ ಬರುತ್ತವೆ. ಅಂಕಣದ ಹೆಸರು 10 ಅಕ್ಷರ ಮೀರುವಂತಿಲ್ಲ. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 8 ಅಂಕಿಗಳಾಗಿ ಬರೆಯಲಾಗಿರುತ್ತದೆ. ಈ ಸರಳತೆಯಿಂದಾಗಿಯೇ ಯಾವುದೇ ಭಾಷೆಯಲ್ಲಿ ಇದನ್ನು ಓದುವ ಕ್ರಮವಿಧಿ ಬರೆಯುವುದು ಸುಲಭ, ಮತ್ತು ತಪ್ಪಾಗಿ ಬರೆಯುವುದೂ ಅಷ್ಟೇ ಸುಲಭ.

ಮುಖ್ಯವಾಗಿ ಗಮನಿಸತಕ್ಕ ಅಂಶ ಅಳಿಸಿದ ದಾಖಲೆಗಳದ್ದು. ಡಿಬೇಸ್ ಅಥವಾ ಫಾಕ್ಸ್‌ಪ್ರೋದಲ್ಲಿ ದಾಖಲೆಯನ್ನು ಅಳಿಸಿದಾಗ ಅದು ಕಡತದಿಂದ ಹೋಗುವುದಿಲ್ಲ. ದಾಖಲೆಯ ಮೊದಲ ಬೈಟ್‌ನಲ್ಲಿ ಖಾಲಿ ಸ್ಥಳದ ಬದಲು ನಕ್ಷತ್ರ ಚಿಹ್ನೆ ಬೀಳುತ್ತದೆ, ಅಷ್ಟೆ. ಪ್ಯಾಕ್ ಎಂಬ ಆದೇಶ ಕೊಡುವವರೆಗೂ ದಾಖಲೆ ಅಲ್ಲಿಯೇ ಇರುತ್ತದೆ. ನಾವು ವಹಿಯಲ್ಲಿ ಕೆಂಪು ಗೆರೆ ಎಳೆದು ಷರಾ ಬರೆಯುವ ಪದ್ಧತಿಗೆ ಇದು ಸಮ. ಹೊಸ ಭಾಷೆಯಲ್ಲಿ ಬರೆದ ಕ್ರಮವಿಧಿ ಆ ಮೊದಲ ಬೈಟನ್ನು ಲೆಕ್ಕಿಸದೆ ಓದಿದರೆ ಗೆರೆ ಎಳೆದ ಸಾಲುಗಳೆಲ್ಲ ಜೀವಂತವಾಗಿ ಎದ್ದು ಬರುತ್ತವೆ. ನಿಧನರಾದವರು, ವರ್ಗಾವಣೆಯಾದವರು, ಎರಡು ಬಾರಿ ನಮೂದಾಗಿ ಒಮ್ಮೆ ಅಳಿಸಲ್ಪಟ್ಟವರು ಎಲ್ಲರೂ ಹೊಸ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಾರೆ. ಫಲಾನುಭವಿಗಳ ಪಟ್ಟಿಯ ಸಂಖ್ಯೆ ಹೊಸ ವ್ಯವಸ್ಥೆಗೆ ವರ್ಗಾಯಿಸಿದ ಕೂಡಲೇ ಏರಿದರೆ ಮೊದಲು ಈ ಚಿಹ್ನೆಯನ್ನು ಶಂಕಿಸಬೇಕು.

ಇನ್ನೊಂದು ಅಂಶ ಸೂಚಿ ಕಡತಗಳದ್ದು. ಹೆಸರು ಅಥವಾ ಸಂಖ್ಯೆಯ ಕ್ರಮದಲ್ಲಿ ಬೇಗ ಹುಡುಕಲು ಪ್ರತ್ಯೇಕ ಸೂಚಿ ಕಡತ ಇರುತ್ತದೆ. ಬೇರೆ ಭಾಷೆಯ ಕ್ರಮವಿಧಿ ಡಿಬಿಎಫ್ ಕಡತಕ್ಕೆ ನೇರವಾಗಿ ಒಂದು ಸಾಲು ಸೇರಿಸಿ ಸೂಚಿಯನ್ನು ಪರಿಷ್ಕರಿಸದೆ ಬಿಟ್ಟರೆ, ಆ ಸಾಲು ಕಡತದಲ್ಲಿ ಇದ್ದೂ ಫಾಕ್ಸ್‌ಪ್ರೋದ ಹುಡುಕಾಟಕ್ಕೆ ಸಿಗುವುದಿಲ್ಲ. ಆದುದರಿಂದ ಹಳೆಯ ತಂತ್ರಾಂಶ ಚಾಲ್ತಿಯಲ್ಲಿರುವವರೆಗೆ ಹೊಸ ತಂತ್ರಾಂಶವು ಡಿಬಿಎಫ್ ಕಡತಗಳನ್ನು ಓದಬಹುದು, ಬರೆಯಕೂಡದು ಎಂಬ ಷರತ್ತು ಹಾಕುವುದು ಉತ್ತಮ.

ಅಂಕಿಗಳ ಅರ್ಥ

ಭಾಷೆಯಿಂದ ಭಾಷೆಗೆ ಅಂಕಿ ಹೋಗುವಾಗ ಅಂಕಿ ಬದಲಾಗದೆ ಅರ್ಥ ಬದಲಾಗುವುದುಂಟು. ಇದಕ್ಕೆ ನಮ್ಮ ರಾಜ್ಯದ ಪಹಣಿಗಿಂತ ಒಳ್ಳೆಯ ಉದಾಹರಣೆ ಸಿಗದು. ಜಮೀನಿನ ವಿಸ್ತೀರ್ಣವನ್ನು ಎಕರೆ, ಗುಂಟೆ, ಆಣೆಗಳಲ್ಲಿ ಬರೆಯುತ್ತೇವೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಒಂದು ಎಕರೆ ಮೂವತ್ತು ಗುಂಟೆಯನ್ನು ಒಬ್ಬರು 1.30 ಎಂದು ದಶಮಾಂಶ ಅಂಕಣದಲ್ಲಿ ನಮೂದಿಸಿದ್ದಾರೆಂದು ಭಾವಿಸಿ. ಮೂಲ ತಂತ್ರಾಂಶಕ್ಕೆ ಚುಕ್ಕಿಯ ನಂತರದ್ದು ಗುಂಟೆ ಎಂದು ಗೊತ್ತು. ಅದೇ ಅಂಕಣವನ್ನು ಓದುವ ಜಾವಾ ಅಥವಾ ಪೈಥಾನ್ ಕ್ರಮವಿಧಿಗೆ ಅದು ಗೊತ್ತಿಲ್ಲ. ಅಂತಹ ಎರಡು ಹಿಡುವಳಿಗಳನ್ನು ಕೂಡಿಸಿದರೆ ಅದು 2.60 ಎನ್ನುತ್ತದೆ. ವಾಸ್ತವವಾಗಿ 70 ಗುಂಟೆ ಮತ್ತು 70 ಗುಂಟೆ ಸೇರಿ 140 ಗುಂಟೆ, ಅಂದರೆ 3 ಎಕರೆ 20 ಗುಂಟೆ. ಬೆಳೆ ಪರಿಹಾರವನ್ನು ವಿಸ್ತೀರ್ಣದ ಮೇಲೆ ಲೆಕ್ಕ ಹಾಕುವಲ್ಲಿ ಈ ವ್ಯತ್ಯಾಸ ರೈತನ ಕೈಗೆ ಸಿಗುವ ಹಣದ ವ್ಯತ್ಯಾಸವಾಗುತ್ತದೆ. ವಿಸ್ತೀರ್ಣವನ್ನು ಮೂರು ಪ್ರತ್ಯೇಕ ಅಂಕಣಗಳಲ್ಲಿ, ಇಲ್ಲವೇ ಎಲ್ಲವನ್ನೂ ಆಣೆಗೆ ಪರಿವರ್ತಿಸಿ ಒಂದೇ ಪೂರ್ಣಾಂಕವಾಗಿ ಇಡುವುದು ಸೂಕ್ತ.

ಹಿಸ್ಸಾ ಸಂಖ್ಯೆಗೂ ಇಂಥದೇ ಅಪಾಯವಿದೆ. ಸರ್ವೆ ನಂಬರ್ 12/3 ಎಂಬುದನ್ನು ನಡುವೆ ಎಕ್ಸೆಲ್ ತಖ್ತೆಯ ಮೂಲಕ ಸಾಗಿಸಿದರೆ ಅದು ದಿನಾಂಕವಾಗಿ ಮಾರ್ಪಡುತ್ತದೆ. 007 ಎಂಬ ಗ್ರಾಮ ಸಂಕೇತ 7 ಆಗುತ್ತದೆ. ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ನಿಖರವಾಗಿ ಇಡುವುದರಿಂದ 16 ಅಂಕಿಗಳ ಬ್ಯಾಂಕ್ ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಕೂಡಿಸುವ, ಕಳೆಯುವ ಅಗತ್ಯವಿಲ್ಲದ ಸಂಖ್ಯೆ ಸಂಖ್ಯೆಯೇ ಅಲ್ಲ, ಅದು ಹೆಸರು. ಅದನ್ನು ಅಕ್ಷರಗಳ ಅಂಕಣದಲ್ಲಿಯೇ ಇಡತಕ್ಕದ್ದು.

ಇನ್ನು ಹಣದ ವಿಷಯ. ದತ್ತಸಂಚಯದಲ್ಲಿ ಮೊತ್ತಗಳನ್ನು ಸಾಮಾನ್ಯವಾಗಿ ದಶಮಾಂಶ ಮಾದರಿಯಲ್ಲಿ ಇಡಲಾಗುತ್ತದೆ. ಕೋಬಾಲ್‌ನಲ್ಲಿಯೂ ದಶಮಾಂಶ ಲೆಕ್ಕವೇ ಮೂಲಸ್ವಭಾವ. ಆದರೆ ಬಹುತೇಕ ಇತರ ಭಾಷೆಗಳಲ್ಲಿ ಭಿನ್ನರಾಶಿಗೆ ಸಹಜವಾಗಿ ಸಿಗುವುದು ದ್ವಿಮಾನ ಪದ್ಧತಿಯ ತೇಲುಬಿಂದು ಸಂಖ್ಯೆ. ಒಂದನ್ನು ಮೂರರಿಂದ ಭಾಗಿಸಿದಾಗ ನಮ್ಮ ಪದ್ಧತಿಯಲ್ಲಿ ಹೇಗೆ 0.333 ಎಂದು ಮುಗಿಯದೆ ಸಾಗುವುದೋ ಹಾಗೆಯೇ ಹತ್ತು ಪೈಸೆ, ಅಂದರೆ 0.10, ದ್ವಿಮಾನದಲ್ಲಿ ಮುಗಿಯುವುದಿಲ್ಲ. ಹಾಗಾಗಿ 0.1 ಮತ್ತು 0.2 ಕೂಡಿಸಿದರೆ ಗಣಕಯಂತ್ರ 0.30000000000000004 ಎಂದು ಉತ್ತರಿಸುತ್ತದೆ. ಒಂದು ಸಾಲಿನಲ್ಲಿ ಇದು ನಗಣ್ಯ. ಸಾವಿರಾರು ಸಾಲುಗಳ ಮೊತ್ತದಲ್ಲಿ, ಅಥವಾ ಎರಡು ಮೊತ್ತಗಳು ಸಮವೇ ಎಂದು ಪರೀಕ್ಷಿಸುವಲ್ಲಿ, ನಗಣ್ಯವಲ್ಲ. ಜಾವಾದಲ್ಲಿ ಬಿಗ್‌ಡೆಸಿಮಲ್, ಪೈಥಾನ್‌ನಲ್ಲಿ ಡೆಸಿಮಲ್ ಎಂಬ ಮಾದರಿಗಳು ಇರುವುದು ಇದಕ್ಕಾಗಿಯೇ. ಮೊತ್ತವನ್ನು ಪೈಸೆಗಳ ಪೂರ್ಣಾಂಕವಾಗಿ ಇಡುವ ಕ್ರಮವೂ ಉಂಟು.

ಪೂರ್ಣಾಂಕಕ್ಕೆ ತರುವಲ್ಲಿ ಭಾಷೆಗಳ ನಡುವೆ ಒಮ್ಮತವಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನ ರೌಂಡ್ ಕಾರ್ಯವು 2.5 ಅನ್ನು 3 ಮಾಡುತ್ತದೆ. ವಿಶುವಲ್ ಬೇಸಿಕ್ ಮತ್ತು ಪೈಥಾನ್‌ನ ಅದೇ ಹೆಸರಿನ ಕಾರ್ಯವು ಹತ್ತಿರದ ಸಮಸಂಖ್ಯೆಯನ್ನು ಆರಿಸಿ 2 ಮಾಡುತ್ತದೆ. ಎರಡೂ ಪದ್ಧತಿಗಳಿಗೆ ಸಮರ್ಥನೆಯಿದೆ. ಆದರೆ ತುಟ್ಟಿಭತ್ಯೆಯನ್ನು ದತ್ತಸಂಚಯದಲ್ಲಿ ಒಂದು ರೀತಿ, ಮುದ್ರಿಸುವ ತಂತ್ರಾಂಶದಲ್ಲಿ ಇನ್ನೊಂದು ರೀತಿ ಲೆಕ್ಕ ಹಾಕಿದರೆ ಬಿಲ್ಲಿನ ಮೊತ್ತಕ್ಕೂ ಅನುಬಂಧದ ಮೊತ್ತಕ್ಕೂ ಒಂದೆರಡು ರೂಪಾಯಿ ಹೊಂದಾಣಿಕೆಯಾಗುವುದಿಲ್ಲ. ಅಷ್ಟಕ್ಕೇ ಬಿಲ್ಲು ಆಕ್ಷೇಪಣೆಯೊಂದಿಗೆ ಹಿಂದಿರುಗುತ್ತದೆ, ಇಡೀ ಶಾಖೆಯ ವೇತನ ತಡವಾಗುತ್ತದೆ. ಲೆಕ್ಕ ಎಲ್ಲಿಯಾದರೂ ಒಂದೇ ಕಡೆ ನಡೆಯಲಿ ಎಂಬುದು ಇದಕ್ಕಿರುವ ಸರಳ ಪರಿಹಾರ.

ಖಾಲಿ ಅಂಕಣ ಮತ್ತು ದಿನಾಂಕ

ಎಸ್‌ಕ್ಯೂಎಲ್‌ನಲ್ಲಿ ನಲ್ ಎಂದರೆ ಸೊನ್ನೆಯಲ್ಲ, ಮಾಹಿತಿ ಇಲ್ಲ ಎಂದು ಅರ್ಥ. ಬಹಳಷ್ಟು ಭಾಷೆಗಳ ಪೂರ್ಣಾಂಕ ಮಾದರಿಯಲ್ಲಿ ಇದನ್ನು ಹೇಳಲು ಅವಕಾಶವೇ ಇಲ್ಲ. ಜೆಡಿಬಿಸಿಯಲ್ಲಿ ಪೂರ್ಣಾಂಕವನ್ನು ಓದುವ ಕರೆ ನಲ್ ಇದ್ದಾಗ ಸದ್ದಿಲ್ಲದೆ 0 ಎಂದು ತಿಳಿಸುತ್ತದೆ. ಅದು ನಿಜವಾದ ಸೊನ್ನೆಯೇ ಎಂದು ಇನ್ನೊಂದು ಕರೆಯ ಮೂಲಕ ಪ್ರತ್ಯೇಕವಾಗಿ ಕೇಳಬೇಕು. ಕೇಳದಿದ್ದರೆ, ಮುಂಗಡದ ಬಾಕಿ ಎಷ್ಟೆಂದು ಇನ್ನೂ ನಮೂದಾಗದ ನೌಕರನಿಗೆ ಬಾಕಿ ಏನೂ ಇಲ್ಲವೆಂಬ ಪ್ರಮಾಣಪತ್ರ ಮುದ್ರಣವಾಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಒರಾಕಲ್ ದತ್ತಸಂಚಯವು ಅಕ್ಷರವಿಲ್ಲದ ಖಾಲಿ ಪಠ್ಯವನ್ನೇ ನಲ್ ಎಂದು ಪರಿಗಣಿಸುತ್ತದೆ.

ಖಾಲಿ ದಿನಾಂಕವೂ ಹೀಗೆಯೇ ವೇಷ ಮರೆಸುತ್ತದೆ. ಎಸ್‌ಕ್ಯೂಎಲ್ ಸರ್ವರ್‌ಗೆ ಖಾಲಿ ಪಠ್ಯವನ್ನು ದಿನಾಂಕವಾಗಿ ಕೊಟ್ಟರೆ ಅದು 1-1-1900 ಎಂದು ಸ್ವೀಕರಿಸುತ್ತದೆ. ಮೈಕ್ರೋಸಾಫ್ಟ್ ಆಕ್ಸೆಸ್‌ನ ದಿನಗಣನೆ 30-12-1899ರಿಂದ ಆರಂಭ. ಈ ಎರಡು ದಿನಾಂಕಗಳು ಸೇವಾ ವಿವರದಲ್ಲಿ ಕಂಡುಬಂದರೆ ಅವು ಯಾರ ಜನ್ಮದಿನವೂ ಅಲ್ಲವೆಂದು ತಿಳಿಯಬಹುದು. ಹೆಚ್ಚು ಕೆಡುಕಿನದು ನಂಬುವಂತೆ ಕಾಣುವ ತಪ್ಪು ದಿನಾಂಕ. 03/04 ಎಂಬುದು ನಮಗೆ ಏಪ್ರಿಲ್ 3, ಅಮೆರಿಕದ ಪದ್ಧತಿಗೆ ಹೊಂದಿಸಿದ ತಂತ್ರಾಂಶಕ್ಕೆ ಮಾರ್ಚ್ 4. ರಾಜ್ಯ ಸರ್ಕಾರಿ ನೌಕರರು 60 ವರ್ಷ ತುಂಬುವ ತಿಂಗಳ ಕೊನೆಯ ದಿನ ನಿವೃತ್ತರಾಗುವುದರಿಂದ, ಈ ಒಂದು ಅದಲುಬದಲು ಒಬ್ಬರ ಸೇವೆಯಿಂದ ಒಂದು ತಿಂಗಳನ್ನು ಕಳೆಯುತ್ತದೆ. ತಂತ್ರಾಂಶಗಳ ನಡುವೆ ದಿನಾಂಕವನ್ನು ಯಾವಾಗಲೂ ವರ್ಷ, ತಿಂಗಳು, ದಿನ ಎಂಬ ಕ್ರಮದ 8 ಅಂಕಿಗಳಲ್ಲಿ ಸಾಗಿಸಿ, ಪರದೆಯ ಮೇಲೆ ಮಾತ್ರ ನಮ್ಮ ಪದ್ಧತಿಯಲ್ಲಿ ತೋರಿಸತಕ್ಕದ್ದು.

ಕನ್ನಡ ಅಕ್ಷರಗಳು

ಯೂನಿಕೋಡ್ ವ್ಯಾಪಕವಾಗುವ ಮುನ್ನ ಕನ್ನಡ ಪಠ್ಯವನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟ್‌ಗಳ ಮೂಲಕ ಬರೆಯಲಾಗುತ್ತಿತ್ತು. ಅಂತಹ ದತ್ತಸಂಚಯದಲ್ಲಿ ಇರುವುದು ಕನ್ನಡವಲ್ಲ, ಕನ್ನಡದಂತೆ ಕಾಣುವ ಸಂಕೇತಗಳು. ಫಾಂಟ್ ಇಲ್ಲದ ಬೇರೆ ತಂತ್ರಾಂಶಕ್ಕೆ ಅವು ಅರ್ಥವಿಲ್ಲದ ಅಕ್ಷರಗಳ ರಾಶಿ. ಪರಿವರ್ತಕಗಳು ಲಭ್ಯವಿದ್ದರೂ, ಒಂದೇ ಅಂಕಣದಲ್ಲಿ ಕನ್ನಡ ಹೆಸರಿನ ಜೊತೆ ಇಂಗ್ಲಿಷ್ ಇನಿಷಿಯಲ್ ಇದ್ದಾಗ ಯಾವುದು ಯಾವ ಭಾಷೆಯೆಂದು ತಿಳಿಸುವ ಗುರುತು ಇಲ್ಲದ ಕಾರಣ ಇನಿಷಿಯಲ್‌ಗಳೂ ಯಾವುದೋ ಕನ್ನಡ ಅಕ್ಷರಗಳಾಗಿ ಹೊರಬರುತ್ತವೆ. ಪರಿವರ್ತನೆಯ ನಂತರ ಹೆಸರಿನ ಅಂಕಣವನ್ನು ಮನುಷ್ಯರೇ ಓದಿ ನೋಡುವುದಕ್ಕೆ ಪರ್ಯಾಯವಿಲ್ಲ.

ಯೂನಿಕೋಡ್‌ಗೆ ಬಂದ ಮೇಲೂ ಅಂಕಣದ ಉದ್ದದ ಬಗ್ಗೆ ಎಚ್ಚರ ಬೇಕು. ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ ಬೇಕು. ಒತ್ತಕ್ಷರದ ವಿರಾಮ ಚಿಹ್ನೆಯೂ ಒಂದು ಸಂಕೇತವೇ. ಚನ್ನಪಟ್ಟಣ ಎಂಬುದು ಓದುವವರಿಗೆ 5 ಅಕ್ಷರ, ಯೂನಿಕೋಡ್‌ನಲ್ಲಿ 9 ಸಂಕೇತ, ಯುಟಿಎಫ್-8ರಲ್ಲಿ 27 ಬೈಟ್. ಇಂಗ್ಲಿಷ್ ಹೆಸರುಗಳಿಗೆಂದು 20 ಬೈಟ್ ಇಟ್ಟ ಅಂಕಣದಲ್ಲಿ ಚನ್ನಪಟ ಎಂಬಷ್ಟು ಮಾತ್ರ ಹಿಡಿಸುತ್ತದೆ. ಕೆಲವು ದತ್ತಸಂಚಯಗಳು ಇಂತಹ ನಮೂದನ್ನು ತಿರಸ್ಕರಿಸುತ್ತವೆ. ಕೆಲವು ಕತ್ತರಿಸಿ ಇಟ್ಟುಕೊಳ್ಳುತ್ತವೆ. ತಿರಸ್ಕರಿಸುವುದೇ ಮೇಲು.

ಒಂದೇ ರೀತಿ ಕಾಣುವ ಎರಡು ಪದಗಳು ಗಣಕಯಂತ್ರಕ್ಕೆ ಬೇರೆಯಾಗಿರುವುದೂ ಸಾಧ್ಯ. ಕೊಪ್ಪಳದ ಮೊದಲ ಅಕ್ಷರದ ಒಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎಕಾರ ಮತ್ತು ಊಕಾರದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಯೂನಿಕೋಡ್ ಇವೆರಡನ್ನೂ ಸಮಾನವೆಂದು ಘೋಷಿಸಿದೆ, ಆದರೆ ಆ ಸಮಾನತೆಯನ್ನು ಜಾರಿಗೆ ತರುವುದು ತಂತ್ರಾಂಶದ ಹೊಣೆ. ಉಳಿಸುವ ಮುನ್ನ ಪಠ್ಯವನ್ನು ಪ್ರಮಾಣೀಕೃತ ರೂಪಕ್ಕೆ ತರದಿದ್ದರೆ ಒಂದು ತಂತ್ರಾಂಶ ಬರೆದ ಕೊಪ್ಪಳವನ್ನು ಇನ್ನೊಂದು ಹುಡುಕಿ ಸಿಗಲಿಲ್ಲವೆಂದು ಹೇಳುತ್ತದೆ. ಅಕಾರಾದಿಯಲ್ಲಿಯೂ ತೊಡಕಿದೆ. ಯೂನಿಕೋಡ್ ಕೋಷ್ಟಕದಲ್ಲಿ ಳಕಾರವು ಲಕಾರದ ಹಿಂದೆಯೇ ಇದೆ, ನಮ್ಮ ವರ್ಣಮಾಲೆಯಲ್ಲಿ ಅದು ಕೊನೆಗೆ ಬರುತ್ತದೆ. ಕೇವಲ ಸಂಕೇತಗಳ ಕ್ರಮದಲ್ಲಿ ಜೋಡಿಸಿದರೆ ಬಳ್ಳಾರಿಯು ಬಸವನಗುಡಿಗಿಂತ ಮೊದಲು ಬರುತ್ತದೆ. ದತ್ತಸಂಚಯದಲ್ಲಿ ಕನ್ನಡಕ್ಕೆ ತಕ್ಕ ವಿಂಗಡಣಾ ಕ್ರಮವನ್ನು ಆರಿಸತಕ್ಕದ್ದು.

ಉದ್ಧರಣ ಚಿಹ್ನೆ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಡಿಸೋಜ ಎಂಬ ಮನೆತನದ ಹೆಸರು ಸಾಮಾನ್ಯ. ಇಂಗ್ಲಿಷಿನಲ್ಲಿ ಬರೆಯುವಾಗ ಡಿ ಅಕ್ಷರದ ನಂತರ ಒಂಟಿ ಉದ್ಧರಣ ಚಿಹ್ನೆ ಬರುತ್ತದೆ. ಎಸ್‌ಕ್ಯೂಎಲ್‌ನಲ್ಲಿ ಅದೇ ಚಿಹ್ನೆ ಪಠ್ಯ ಮುಗಿಯಿತೆಂಬುದರ ಸೂಚನೆ. ಅರ್ಜಿದಾರರು ಟೈಪು ಮಾಡಿದ್ದನ್ನು ಎಸ್‌ಕ್ಯೂಎಲ್ ವಾಕ್ಯಕ್ಕೆ ನೇರವಾಗಿ ಅಂಟಿಸುವ ತಂತ್ರಾಂಶದಲ್ಲಿ ಈ ಹೆಸರಿನವರ ಅರ್ಜಿ ಸ್ವೀಕೃತವಾಗುವುದಿಲ್ಲ. ಹೆಸರಿನಲ್ಲಿ ದೋಷವಿದೆಯೆಂದು ಅವರನ್ನು ವಾಪಸು ಕಳುಹಿಸುವುದು ಅನ್ಯಾಯ. ದೋಷವಿರುವುದು ತಂತ್ರಾಂಶದಲ್ಲಿ, ಮತ್ತು ಅದು ಚಿಕ್ಕ ದೋಷವೂ ಅಲ್ಲ. ಚಿಹ್ನೆಯ ನಂತರ ಹೆಸರಿನ ಬದಲು ಇನ್ನೊಂದು ಆದೇಶವನ್ನು ಬರೆದರೆ ದತ್ತಸಂಚಯ ಅದನ್ನೂ ಪಾಲಿಸುವ ಸಾಧ್ಯತೆಯಿದೆ. ಈ ದಾಳಿಯ ವಿಧಾನ 1998ರಿಂದ ಬಹಿರಂಗವಾಗಿ ಚರ್ಚೆಯಲ್ಲಿದೆ. ಓಡಿಬಿಸಿ, ಜೆಡಿಬಿಸಿ ಎರಡರಲ್ಲಿಯೂ ವಾಕ್ಯವನ್ನು ಮೊದಲೇ ಸಿದ್ಧಪಡಿಸಿ, ಮೌಲ್ಯಗಳನ್ನು ಪ್ರತ್ಯೇಕವಾಗಿ ಕಳುಹಿಸುವ ಸೌಲಭ್ಯವಿದೆ. ಅದನ್ನು ಬಳಸಿದರೆ ಹೆಸರು ಹೆಸರಾಗಿಯೇ ಉಳಿಯುತ್ತದೆ.

ವ್ಯವಹಾರದ ಅಖಂಡತೆ

ಜಮಾ ನಮೂದಾಗಿ ಖರ್ಚು ನಮೂದಾಗದಿದ್ದರೆ ತಾಳೆಪಟ್ಟಿ ಹೊಂದುವುದಿಲ್ಲವೆಂಬುದು ವಾಣಿಜ್ಯಶಾಸ್ತ್ರದ ಮೊದಲ ಪಾಠ. ದತ್ತಸಂಚಯವೂ ಎರಡೂ ನಡೆಯಲಿ ಇಲ್ಲವೇ ಎರಡೂ ನಡೆಯದಿರಲಿ ಎಂಬ ಖಾತರಿ ನೀಡುತ್ತದೆ, ಕೇಳಿದರೆ ಮಾತ್ರ. ಓಡಿಬಿಸಿ ಮತ್ತು ಜೆಡಿಬಿಸಿಯಲ್ಲಿ ಬೇರೆ ಸೂಚನೆ ಇಲ್ಲದಿದ್ದಲ್ಲಿ ಪ್ರತಿ ವಾಕ್ಯವೂ ಒಂದೊಂದು ಪೂರ್ಣ ವ್ಯವಹಾರವಾಗಿ ಕೂಡಲೇ ಕಾಯಂ ಆಗುತ್ತದೆ. ಎರಡು ವಾಕ್ಯಗಳ ನಡುವೆ ವಿದ್ಯುತ್ ಹೋದರೆ ಅರ್ಧ ಕೆಲಸ ಉಳಿಯುತ್ತದೆ.

ಎರಡು ಇಲಾಖೆಗಳ ವ್ಯವಸ್ಥೆಗಳ ನಡುವೆ ಈ ಪ್ರಶ್ನೆ ಇನ್ನೂ ಸೂಕ್ಷ್ಮ. ಉಪನೋಂದಣಿ ಕಚೇರಿಗಳ ಕಾವೇರಿ ಮತ್ತು ಕಂದಾಯ ಇಲಾಖೆಯ ಭೂಮಿ ಇವು ಪ್ರತ್ಯೇಕ ವ್ಯವಸ್ಥೆಗಳು. ಜಮೀನಿನ ಕ್ರಯಪತ್ರ ನೋಂದಣಿಯಾದ ಮೇಲೆ ಅದರ ವಿವರ ಜೆ-ಸ್ಲಿಪ್ ರೂಪದಲ್ಲಿ ಭೂಮಿಗೆ ಸೇರಿ ಹಕ್ಕು ಬದಲಾವಣೆಯ ಕಾರ್ಯ ಆರಂಭವಾಗುತ್ತದೆ. ಇಂತಹ ಜೋಡಣೆಯಲ್ಲಿ ಸಂದೇಶ ತಲುಪಿತೇ ಇಲ್ಲವೇ ಎಂಬುದು ಅನಿಶ್ಚಿತವಾದಾಗ ಕಳುಹಿಸುವ ತಂತ್ರಾಂಶ ಪುನಃ ಕಳುಹಿಸಲೇಬೇಕು. ಸ್ವೀಕರಿಸುವ ತಂತ್ರಾಂಶ ಅದೇ ಸಂದೇಶವನ್ನು ಎರಡನೆಯ ಬಾರಿ ಗುರುತಿಸಿ ಬದಿಗಿಡಬೇಕು. ಚಲನ್ ಸಂಖ್ಯೆ, ದಸ್ತಾವೇಜು ಸಂಖ್ಯೆ ಇವು ಅನನ್ಯವೆಂಬ ನಿಬಂಧನೆಯನ್ನು ದತ್ತಸಂಚಯದಲ್ಲಿಯೇ ವಿಧಿಸಿದರೆ ಈ ಕೆಲಸ ತಂತ್ರಾಂಶ ಬರೆದವರ ನೆನಪಿನ ಮೇಲೆ ನಿಲ್ಲುವುದಿಲ್ಲ.

ಜೋಡಣೆಯನ್ನು ಒಪ್ಪಿಕೊಳ್ಳುವ ಮುನ್ನ

ಹೊರಗಿನ ತಂತ್ರಾಂಶಕ್ಕೆ ಮೂಲ ಕೋಷ್ಟಕಗಳನ್ನು ನೇರವಾಗಿ ತೆರೆದುಕೊಡುವ ಬದಲು ಅಗತ್ಯವಿರುವ ಅಂಕಣಗಳನ್ನು ಮಾತ್ರ ತೋರುವ ನೋಟವನ್ನು, ಅಂದರೆ ವ್ಯೂ ಎಂಬುದನ್ನು, ರಚಿಸಿ ಓದಲು ಮಾತ್ರ ಅನುಮತಿಯಿರುವ ಪ್ರತ್ಯೇಕ ಬಳಕೆದಾರ ಹೆಸರು ನೀಡತಕ್ಕದ್ದು. ಮುಂದೆ ಕೋಷ್ಟಕದ ರಚನೆ ಬದಲಾದರೂ ನೋಟವನ್ನು ಹಾಗೆಯೇ ಉಳಿಸಬಹುದು. ನಿರ್ವಾಹಕರ ಗುಪ್ತಪದವನ್ನು ಕ್ರಮವಿಧಿಯೊಳಗೆ ಬರೆದಿಡುವುದನ್ನು ಯಾವ ಕಾರಣಕ್ಕೂ ಒಪ್ಪತಕ್ಕದ್ದಲ್ಲ. ಪೈಥಾನ್, ಪಿಎಚ್‌ಪಿ ಕ್ರಮವಿಧಿಗಳು ಸಾಮಾನ್ಯ ಪಠ್ಯ ಕಡತಗಳಾದ್ದರಿಂದ ಅವನ್ನು ತೆರೆದ ಯಾರಿಗಾದರೂ ಅದು ಕಾಣುತ್ತದೆ.

ಪ್ರತಿ ಅಂಕಣದ ಹೆಸರು, ಮಾದರಿ, ಉದ್ದ, ಅಳತೆಯ ಮಾನ ಮತ್ತು ಖಾಲಿ ಇರಬಹುದೇ ಎಂಬ ವಿವರಗಳ ಪಟ್ಟಿಯನ್ನು ಗುತ್ತಿಗೆ ಸಂಸ್ಥೆಯಿಂದ ಲಿಖಿತವಾಗಿ ಪಡೆದು ಕಡತದಲ್ಲಿ ಇರಿಸತಕ್ಕದ್ದು. ಬರೆದುಕೊಟ್ಟವರು ಬೇರೆ ಕೆಲಸಕ್ಕೆ ಹೋದ ಮೇಲೆ ವಿಸ್ತೀರ್ಣದ ಅಂಕಣದಲ್ಲಿರುವುದು ಗುಂಟೆಯೇ ದಶಮಾಂಶವೇ ಎಂದು ತಿಳಿಸುವವರು ಬೇರಾರೂ ಇರುವುದಿಲ್ಲ.

ಕನಿಷ್ಠ ಎರಡು ತಿಂಗಳ ಬಿಲ್ಲುಗಳನ್ನು ಹಳೆಯ ಮತ್ತು ಹೊಸ ತಂತ್ರಾಂಶಗಳೆರಡರಲ್ಲಿಯೂ ತಯಾರಿಸಿ ಹೋಲಿಸುವುದು ಅವಶ್ಯ. ಒಟ್ಟು ಮೊತ್ತ ಸರಿಹೊಂದಿದೆಯೆಂದು ಅಲ್ಲಿಗೇ ನಿಲ್ಲಿಸಬಾರದು. ಒಬ್ಬ ನೌಕರನಿಗೆ ಹತ್ತು ರೂಪಾಯಿ ಹೆಚ್ಚಾಗಿ ಇನ್ನೊಬ್ಬನಿಗೆ ಹತ್ತು ರೂಪಾಯಿ ಕಡಿಮೆಯಾದರೂ ಒಟ್ಟು ಮೊತ್ತ ಹೊಂದುತ್ತದೆ, ಲೆಕ್ಕಶಾಸ್ತ್ರದಲ್ಲಿ ಇದನ್ನು ಪರಸ್ಪರ ಸರಿದೂಗುವ ದೋಷವೆನ್ನುತ್ತಾರೆ. ಆದುದರಿಂದ ಹೋಲಿಕೆಯನ್ನು ನೌಕರರ ಸಂಖ್ಯಾವಾರು, ಪ್ರತಿ ಶೀರ್ಷಿಕೆಯ ಅಡಿ ನಡೆಸಿ, ವ್ಯತ್ಯಾಸಗಳ ತಖ್ತೆಗೆ ಬಟವಾಡೆ ಅಧಿಕಾರಿಗಳ ಸಹಿ ಪಡೆದ ನಂತರವೇ ಹಳೆಯ ತಂತ್ರಾಂಶವನ್ನು ಸ್ಥಗಿತಗೊಳಿಸತಕ್ಕದ್ದು.